ಪಂಪಿನೊಳಗೆ ಸಿಕ್ಕ ಧಾರೆ ಸೀರೆ

ಲಾರಿಯ ಪಂಪು ತಾನಾಗಿ ಕೆಡಲಿಲ್ಲ, ನನ್ನ ತಮ್ಮ ಕೆಡಿಸಿದ. ಸಾದಲಿಯಿಂದ ಶಿಡ್ಲಘಟ್ಟದವರೆಗೆ ಯಾರನ್ನು ಕೇಳಿದರೂ "ಅವರಕ್ಕ ಕೆಡಿಸಿದ್ದು, ಪಾಪ, ಓದಿಲ್ಲದ ಹೆಂಗಸು" ಎನ್ನುತ್ತಾರೆ. ಓದಿಲ್ಲದ್ದು ನಿಜ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆಯಿತು, ಅಲ್ಲಿಗೆ ಸ್ಕೂಲೂ ಮುಗಿಯಿತು. ಹಾಗೆಂದು ಡೀಸೆಲ್ ಲಾರಿಯ ಹೊಟ್ಟೆಗೆ ಕೈ ಹಾಕುವಷ್ಟು ಬುದ್ಧಿಗೇಡಿ ನಾನಲ್ಲ! ಅವನು ಲಾರಿ ಓಡಿಸುವುದು ಬಿಟ್ಟು ವರ್ಷಗಳಾದವು. ಈಗ ನಿಜ ಹೇಳಿದರೆ ಯಾರೂ ಅವನ ಲಾರಿಯಿಂದ ಮೂಟೆ ಇಳಿಸಿಕೊಂಡು ಹೋಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನನ್ನ ತಮ್ಮ ಎಂಥವನು? ಹೆಂಡತಿಗೆ ಜ್ವರ ಬಂದರೆ ಅವನಿಗೆ ಮೂರನೇ ದಿನ ಗೊತ್ತಾಗುತ್ತಿತ್ತು. ಲಾರಿಗೆ ನೆಗಡಿ ಬರುವುದು ಮಾತ್ರ ಹಿಂದಿನ ದಿನವೇ ಗೊತ್ತಾಗುತ್ತಿತ್ತು! ಬೆಳಗ್ಗೆ ಇಂಜಿನ್ ಚಾಲು ಮಾಡಿ, ಬಾನೆಟ್ಟಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ನಿಂತನೆಂದರೆ ಬೀದಿಯಲ್ಲಿ ನಾಯಿ ಬೊಗಳಿದರೂ ತಪ್ಪು. ಲಾರಿಯ ಜೊತೆ ಮಾತಾಡುತ್ತಿದ್ದ, ಅದೂ ತೆಲುಗಿನಲ್ಲಿ! "ಪದ ತಲ್ಲೀ," ನಡಿಯಮ್ಮಾ ತಾಯೀ, ಎನ್ನುತ್ತಾ ಗೇರು ಹಾಕುತ್ತಿದ್ದ.

"ಕನ್ನಡದಾಗೆ ಹೇಳಿದ್ರೆ ಓಡಲ್ವೇನೋ?" ಎಂದು ಕೇಳಿದ್ದೆ.

"ಹಿಂದೂಪುರದಿಂದ ತಂದಿದ್ದು ಕಣಕ್ಕಾ. ಸೆಕೆಂಡ್ ಹ್ಯಾಂಡು. ಅದಕ್ಕೆ ಕನ್ನಡ ಬರಲ್ಲ."

ಈ ಹುಚ್ಚಿನಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು ಎಂದರೆ ನಂಬುತ್ತೀರಾ? ನಮ್ಮ ಕಡೆಯವರೆಲ್ಲ ರೇಷ್ಮೆ ಬೆಳೆಯುವವರು. ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಮುಟ್ಟಿಸಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತಾದ ಗೂಡನ್ನು ಯಾರೂ ಮೂಸುವುದಿಲ್ಲ. "ಅಣ್ಣನ ಹತ್ರ ಇಂಜಿನ್ನೇ ಮಾತಾಡುತ್ತೆ, ಅವರ ಗಾಡಿ ದಾರೀಲಿ ನಿಲ್ಲಲ್ಲ" ಎಂಬ ಒಂದೇ ನಂಬಿಕೆಯಿಂದ ಊರವರೆಲ್ಲ ಅವನ ಲಾರಿಗೇ ಮೂಟೆ ಹಾಕುತ್ತಿದ್ದರು.

ಡೀಸೆಲ್ ಹಾಕಿಸುವುದಂತೂ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಹೆಚ್ಚು. ಅಂಗೈ ಮೇಲೆ ನಾಲ್ಕು ತೊಟ್ಟು ಬಿಡಿಸಿಕೊಳ್ಳುವನು, ಮೂಸುವನು, ಉಜ್ಜುವನು, ನಾಲಿಗೆಗೂ ಮುಟ್ಟಿಸುವನು! ಇವನ ಲಾರಿ ದೂರದಲ್ಲಿ ಕಂಡರೆ ಬಂಕಿನವರು ಊಟಕ್ಕೆ ಹೋಗಿಬಿಡುತ್ತಿದ್ದರು. ಬೆಳಗ್ಗೆ ಎಂಟಕ್ಕೇ ಊಟ.

ಹೀಗಿರುವಾಗ ಲಾರಿಗೆ ಉಬ್ಬಸ ಶುರುವಾಯಿತು. ಏರು ಬಂದರೆ ದಮ್ಮು, ಗೊರಗೊರ ಸದ್ದು, ಆಮೇಲೆ ಕೆಮ್ಮು. ತಮ್ಮ ಕಿವಿ ಕೊಟ್ಟು ಕೇಳಿ, "ದೃಷ್ಟಿ" ಎಂದ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ವಾರದಲ್ಲಿ ನಿಂಬೆಹಣ್ಣೂ ಬಾಡಿತು, ಲಾರಿಯೂ ಬಾಡಿತು.

"ಚಿಕ್ಕಬಳ್ಳಾಪುರದ ಶೋರೂಮಿಗೆ ತೋರಿಸೋ" ಎಂದೆ.

"ಅಲ್ಲಿ ನೆಲದ ಮೇಲೆ ಒಂದ್ ತೊಟ್ಟು ಆಯಿಲ್ ಇಲ್ಲಕ್ಕಾ. ಕೆಲಸ ಮಾಡೋರ ಜಾಗ ಹಂಗಿರ್ತದಾ?"

ಒಂದು ಬೆಳಗ್ಗೆ ಸಾದಲಿ ದಾಟಿ ಎರಡು ಮೈಲಿಗೆ ಲಾರಿ ನಿಂತೇಬಿಟ್ಟಿತು. ಹಿಂದೆ ಹನ್ನೊಂದು ಮೂಟೆ ಗೂಡು, ಮೇಲೆ ಬಿಸಿಲು. ತಮ್ಮ "ಪದ ತಲ್ಲೀ" ಎಂದ, ಬೇಡಿಕೊಂಡ, ಬೈದ. ತಲ್ಲಿ ಅಲ್ಲಾಡಲಿಲ್ಲ. ಕೊನೆಗೆ ಹಾಲಿನ ಗಾಡಿಗೆ ಮೂಟೆ ಏರಿಸಿ ಮಾರುಕಟ್ಟೆಗೆ ಹೋದರೆ ಹರಾಜು ಮುಗಿದಿತ್ತು. ಅದರಲ್ಲಿ ಐದು ಮೂಟೆ ಒಬ್ಬ ಮೀಸೆ ರೈತನದು. ಅವನು ನೇರವಾಗಿ ಹೇಳಿದ: "ಅಣ್ಣಾ, ನಿಮ್ ಕಿವೀನ ನಂಬ್ಕೊಂಡು ಬಂದೋರು ನಾವು. ಕಿವೀನೇ ಕೆಟ್ಟೋದ್ರೆ ಬೇರೆ ಗಾಡಿ ನೋಡ್ಕೊಂತೀವಿ."

ಆ ದಿನ ತಮ್ಮ ಮುದ್ದೆ ಮುಟ್ಟಲಿಲ್ಲ. ನಾನೇ ಮೊಮ್ಮಗಳ ಕೈಲಿ ಶೋರೂಮಿಗೆ ಫೋನು ಮಾಡಿಸಿದೆ. ಒಂದೇ ಗಂಟೆಯಲ್ಲಿ ಒಬ್ಬ ಮೆಕಾನಿಕ್ಕು ಸಾಮಾನಿನ ಚೀಲ ಹೊತ್ತು ಬೈಕಿನಲ್ಲಿ ಲಾರಿ ನಿಂತ ಜಾಗಕ್ಕೇ ಬಂದ! ಪೈಪಿನಲ್ಲಿ ಸೇರಿದ್ದ ಗಾಳಿ ತೆಗೆದು, ಹೇಗೋ ಇಂಜಿನ್ ಎಬ್ಬಿಸಿ, "ಪಂಪು ಬಿಚ್ಚಿ ನೋಡ್ಬೇಕು ಸಾರ್, ನಿಧಾನಕ್ಕೆ ಶೋರೂಮಿಗೆ ತಂದ್ಬಿಡಿ" ಎಂದ. ನನ್ನ ತಮ್ಮನನ್ನು ಹುಟ್ಟಿದಾಗಿನಿಂದ ಯಾರೂ ಸಾರ್ ಎಂದಿರಲಿಲ್ಲ. ಬಾಯಿ ಮುಚ್ಚಿಕೊಂಡು ಒಪ್ಪಿದ.

ಮಾರನೆಯ ದಿನ ಹೊರಟೆವು. ನಾನೂ ಹೋದೆ. ಗಾಡಿ ನಂಬಬಹುದೋ ಇಲ್ಲವೋ ನೋಡಿಬಿಡುತ್ತೇನೆಂದು ಮೀಸೆ ರೈತನೂ ಬಂದ. ಶೋರೂಮಿನ ಗಾಜಿನ ಬಾಗಿಲಲ್ಲಿ ನನ್ನ ತಮ್ಮ ಚಪ್ಪಲಿ ಬಿಟ್ಟ!

"ಹಾಕ್ಕೊಂಡೇ ಬನ್ನಿ ಸಾರ್" ಎಂದಳು ಕೌಂಟರಿನ ಹುಡುಗಿ.

"ಇದೇನಕ್ಕಾ, ಗ್ಯಾರೇಜೋ ಕಲ್ಯಾಣಮಂಟಪಾನೋ?" ಎಂದು ನನ್ನ ಕಿವಿಯಲ್ಲಿ ಕೇಳಿದ.

"ಗಾಡಿಗೆ ಏನು ತೊಂದರೆ ಸಾರ್?"

"ಮೇಲುಸಿರಮ್ಮಾ. ರಾತ್ರಿ ನಿದ್ದೆ ಇಲ್ಲ."

"ಗಾಡಿಗಾ?"

"ನಂಗೆ. ಗಾಡಿಗೆ ಮೇಲುಸಿರು."

ಆ ತಾಯಿ ನಗದೆ ಅಷ್ಟನ್ನೂ ಬರೆದುಕೊಂಡಳು. ನಮಗೆ ಕುರ್ಚಿ ಹಾಕಿಸಿದಳು, ಕಾಫಿ ತರಿಸಿದಳು. ನೆರೆಗೂದಲಿನ ಹಿರಿಯ ಮೇಸ್ತ್ರಿಯೊಬ್ಬರು ಬಂದು, "ನಿಮ್ಮ ಗಾಡಿ, ನಿಮ್ಮ ಕಣ್ಣೆದುರಿಗೇ ಬಿಚ್ತೀನಿ" ಎಂದು ನಮ್ಮನ್ನು ಒಳಗೆ ಕರೆದರು. ಅಂಥ ಮರ್ಯಾದೆ ನನಗೆ ಬೀಗರ ಮನೆಯಲ್ಲೂ ಸಿಕ್ಕಿಲ್ಲ.

ಪಂಪು ಎಂದರೆ ಟ್ಯಾಂಕಿನ ಡೀಸೆಲನ್ನು ಅಳತೆಯಾಗಿ ಇಂಜಿನ್ನಿಗೆ ಊಡುವ ಯಂತ್ರ, ಹೃದಯ ಇದ್ದ ಹಾಗೆ ಎಂದು ಮೇಸ್ತ್ರಿ ಹೇಳಿದರು. ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹರಡಿದರು. ಒಳಗೆಲ್ಲ ಗೀಚು, ಕೊಳೆ. ಚಿಮಟದಿಂದ ಏನನ್ನೋ ಮೆಲ್ಲಗೆ ಎಳೆದರು. ಕೆಂಪು ಎಳೆ. ಅದರ ಹಿಂದೆಯೇ ಮಿಣಮಿಣ ಮಿಂಚುತ್ತ ಇನ್ನೊಂದು.

"ಜರಿ!" ಎಂದರು ಮೇಸ್ತ್ರಿ. "ಮೂವತ್ತು ವರ್ಷದಿಂದ ಪಂಪು ಬಿಚ್ತಾ ಇದೀನಿ ಸ್ವಾಮಿ, ಜರಿ ಸಿಕ್ಕಿದ್ದು ಇದೇ ಮೊದಲು."

ನನಗೆ ಗುರುತು ಹತ್ತಿತು. ಅದು ನನ್ನ ಧಾರೆ ಸೀರೆ! ಟ್ರಂಕಿನ ತಳದಲ್ಲಿದ್ದದ್ದು!

"ಡೀಸೆಲ್ ಸೋಸೋಕೆ ಕಂಪನಿಯೋರು ಕಾಗದದ ಫಿಲ್ಟರ್ ಇಟ್ಟಿರ್ತಾರೆ. ಅದನ್ನ ಕಿತ್ತಾಕಿ ಅಲ್ಲಿ ರೇಷ್ಮೆ ಬಟ್ಟೆ ತುರುಕಿದ್ದಾರೆ. ಎಳೆ ಬಿಚ್ಕೊಂಡು, ಕಸಾನೂ ಎಳ್ಕೊಂಡು ಪಂಪಿಗೆ ಹೋಗಿದೆ. ರಿಪೇರಿ ಆಗಲ್ಲ, ಹೊಸದೇ ಹಾಕ್ಬೇಕು. ಯಾರಪ್ಪಾ ಈ ಕೆಲಸ ಮಾಡಿದ್ದು?"

ತಮ್ಮನ ಕಿವಿ ಕೆಂಪಾಯಿತು. ಇಂಜಿನ್ನಿನ ಮಾತು ಕೇಳುವ ಅದೇ ಕಿವಿ. ಮೀಸೆ ರೈತ ಅವನನ್ನೇ ನೋಡುತ್ತಿದ್ದ. ಐದು ಮೂಟೆ, ಅವನ ಹಿಂದೆ ಇಡೀ ಊರಿನ ಮೂಟೆ, ಆ ನೋಟದಲ್ಲಿ ತೂಗುತ್ತಿದ್ದವು.

ಬೈಯುವುದಕ್ಕೇ ನಾನು ಬಾಯಿ ತೆಗೆದದ್ದು. ದೇವರಾಣೆ! ಆದರೆ ಬಾಯಿಂದ ಬಂದದ್ದೇ ಬೇರೆ.

"ನಾನೇ. ಇವನು ಊರಲ್ಲಿಲ್ಲದಾಗ ಕಾಗದ ಕೊಳೆಯಾಗಿತ್ತು ಅಂತ ಬಟ್ಟೆ ಇಟ್ಟೆ. ಹೆಂಗಸಿಗೇನು ಗೊತ್ತಾಗ್ತದೆ?"

"ಅಯ್ಯೋ ಅಜ್ಜೀ!" ಎಂದು ಮೀಸೆ ರೈತ ನಕ್ಕನು ನೋಡಿ, ಶೋರೂಮಿನ ಗಾಜೆಲ್ಲ ನಡುಗಿತು. "ನಾನೂ ಅನ್ಕೊಂಡೆ, ಅಣ್ಣ ಹಂಗ್ ಮಾಡ್ತಾರಾ? ನಾಳೆ ಮೂಟೆ ತರ್ತೀನಣ್ಣಾ."

ಸಂಜೆಯೊಳಗೆ ಹೊಸ ಪಂಪು ಕೂತಿತು. ಲಾರಿ ತೊಳೆದುಕೊಟ್ಟರು. ಹಳೆಯ ಪಂಪನ್ನೂ ಡಬ್ಬದಲ್ಲಿಟ್ಟು, "ನಿಮ್ಮ ಸಾಮಾನು ನಿಮಗೇ" ಎಂದು ಕೈಗೆ ಕೊಟ್ಟರು. ಮೀಸೆ ರೈತ ಶಿಡ್ಲಘಟ್ಟದಲ್ಲಿ ಇಳಿದ ಮೇಲೆ ತಮ್ಮ ಕೇಳಿದ:

"ಯಾಕಕ್ಕಾ ಹಂಗಂದೆ?"

"ನನ್ನ ಸೀರೇನೇ ಬೇಕಿತ್ತೇನೋ ಕಳ್ಳಾ?"

"ಕಾಗದದಲ್ಲಿ ಯಾರಾದ್ರೂ ಸೋಸ್ತಾರೇನಕ್ಕಾ? ಅಷ್ಟ್ ಒಳ್ಳೇ ರೇಷ್ಮೆ ನಂಗೆ ಇನ್ನೆಲ್ಲೂ ಗೊತ್ತಿಲ್ಲ."

ಬೇರೆ ಗೊತ್ತಿರುವುದು ಹೇಗೆ? ಅಪ್ಪನ ಕೈ ಖಾಲಿಯಿದ್ದಾಗ ಆ ಸೀರೆ ತಂದವನು ಅವನೇ. ಹದಿಮೂರು ವರ್ಷದವನು ನೂಲು ತೆಗೆಯುವ ಕಡೆ ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕುತ್ತ ಕೂತು ಆ ಸೀರೆಯ ದುಡ್ಡು ದುಡಿದಿದ್ದ. ನನ್ನ ಧಾರೆಯ ದಿನ ಅವನ ಬೆರಳುಗಳು ಬೆಂದು ಬೆಳ್ಳಗಾಗಿದ್ದವು. ಅನ್ನ ಕಲಸಿಕೊಳ್ಳಲು ಆಗುತ್ತಿರಲಿಲ್ಲ.

"ಮುಂದೆ ನೋಡ್ಕೊಂಡು ಓಡ್ಸೋ" ಎಂದೆ.

ಮರುದಿನ ಬೆಳಗ್ಗೆ ಬೇಗ ಎದ್ದೆ. ಟ್ರಂಕಿನಲ್ಲಿ ಉಳಿದಿದ್ದ ಸೆರಗಿನ ತುಂಡನ್ನು ನಾಲ್ಕು ಮಡಿಕೆ ಮಾಡಿ, ಲಾರಿ ಹತ್ತಿ ಅವನು ಕೂರುವ ಸೀಟಿನ ಮೇಲೆ ಹಾಸಿದೆ. ಇಳಿದು ಬೀದಿಯ ಆ ಕಡೆ ಈ ಕಡೆ ನೋಡಿದೆ. ಯಾರೂ ಇರಲಿಲ್ಲ. ಬಾನೆಟ್ಟನ್ನು ಎರಡು ಸಲ ತಟ್ಟಿ, ಅದಕ್ಕೆ ಅರ್ಥವಾಗಲೆಂದು ತೆಲುಗಿನಲ್ಲೇ ಹೇಳಿದೆ: "ಪದ ತಲ್ಲೀ."