ಒಂದೇ ಹೆಸರಿನ ಎರಡು ಚೀಟಿಗಳು

ಕೆಟ್ಟು ನಿಂತ ವಸ್ತುಗಳ ಬಗ್ಗೆ ನನಗೆ ಭಯವಿಲ್ಲ. ಕೆಟ್ಟದ್ದು ಕೆಟ್ಟಾಗಿದೆ, ಇನ್ನೇನು ಆಗಬೇಕು? ನನಗೆ ಭಯವಿರುವುದು ಸರಿಯಾಗಿ ನಡೆಯುತ್ತಿರುವ ವಸ್ತುಗಳ ಬಗ್ಗೆ. ಮನೆಯ ಮಿಕ್ಸರ್ ಸದ್ದಿಲ್ಲದೆ ತಿರುಗುತ್ತಿದ್ದರೆ ಎರಡು ಹೆಜ್ಜೆ ದೂರ ನಿಂತು ಅನುಮಾನದಿಂದ ನೋಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಕಲಿತರೆ ಈ ಭಯ ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಯಾವುದಕ್ಕೆ ಹೆದರಬೇಕು ಎಂಬುದು ಮಾತ್ರ ಇನ್ನೂ ಖಚಿತವಾಗಿ ಗೊತ್ತಾಯಿತು.

ಸುರಪುರದ ಮನೆಯಿಂದ ದಿನವೂ ಬಸ್ಸಿನಲ್ಲಿ ಶಹಾಪುರಕ್ಕೆ ಹೋಗಿ, ಕಾಲುವೆ ನೀರಿನ ಪಾಳಿ ನೋಡಿಕೊಳ್ಳುವ ಒಂದು ಸಣ್ಣ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ಯಾವ ಹೊಲಕ್ಕೆ ಯಾವ ದಿನ, ಎಷ್ಟು ತಾಸು ನೀರು ಎಂಬ ಪಟ್ಟಿ ಒಂದು ವೆಬ್ ಅಪ್ಲಿಕೇಶನ್ನಿನಲ್ಲಿದೆ. ಅದು ನಿಲ್ಲದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಓಣಿಯಲ್ಲಿ ಮಾತ್ರ ನಾನೇ ಗುಂಡಿ ಒತ್ತಿ ನೀರು ಬಿಡುತ್ತೇನೆ ಎಂಬ ನಂಬಿಕೆಯಿದೆ. ಪಕ್ಕದ ಮನೆಯ ಸುಭದ್ರಕ್ಕ ಇದನ್ನು ದೃಢವಾಗಿ ನಂಬಿದವಳು. ಅವಳ ಅಕ್ಕ ಹಣಮವ್ವನ ಹೊಲ ದೇವಾಪುರದಲ್ಲಿ, ಕಾಲುವೆಯ ಕಟ್ಟಕಡೆಗೆ. ಹಿಂದಿನ ಎರಡು ಪಾಳಿಯಲ್ಲೂ ಅಲ್ಲಿಗೆ ನೀರು ಮುಟ್ಟಿರಲಿಲ್ಲ. ಒಂದು ಶನಿವಾರ ನಾನು ಚಪ್ಪಲಿ ಮೆಟ್ಟುವಾಗಲೇ ಸುಭದ್ರಕ್ಕ ಅಡ್ಡ ಬಂದಳು. "ಸೋಮವಾರ ನಮ್ಮಕ್ಕನ ಪಾಳಿ ಐತಿ. ಮೆಣಸಿನಗಿಡ ಬಾಡಿ ನಿಂತಾವ. ಈ ಸಲ ತಪ್ಪಿದ್ರ ಕಿತ್ತು ಒಗೆಯೋದ ನೋಡವ್ವ. ನಿನ್ನ ಕೈಯಾಗ ಐತಿ." ನನ್ನ ಕೈಯಲ್ಲಿ ಊಟದ ಡಬ್ಬಿ ಬಿಟ್ಟು ಏನೂ ಇಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ನಾನು ಹೇಳಬೇಕೆನಿಸಿದ್ದನ್ನು ಹೇಳುವ ಪೈಕಿ ಅಲ್ಲ.

ನಿಜವಾದ ಸಂಕಟವೆಂದರೆ, ಆ ವಾರ ಅದು ನನ್ನ ಕೈಯಲ್ಲೇ ಇತ್ತು. ಸರ್ವರಿನ ಹಳೆಯ ಆವೃತ್ತಿ ತೆಗೆದು ಸೋಮವಾರದೊಳಗೆ ಹೊಸದು ಹಾಕಬೇಕೆಂದು ಯಾದಗಿರಿಯ ಮೇಲಿನ ಕಚೇರಿಯಿಂದ ಆದೇಶ ಬಂದಿತ್ತು. ಸುದ್ದಿ ಕೇಳಿದ ಹೆಡ್ ಕ್ಲಾರ್ಕ್ ಶಾಂತಪ್ಪ ಸರ್ ಕನ್ನಡಕ ಹಣೆಗೇರಿಸಿ, "ಮಷೀನ ಛಲೋ ನಡದದ. ನಡಿಯೋದಕ್ಕ ಯಾಕ್ರಿ ಮೇಡಂ ಕೈ ಹಚ್ತೀರಿ?" ಅಂದರು. ನನ್ನ ಜೀವನದ ತತ್ವವನ್ನೇ ಅವರು ಹೇಳಿಬಿಟ್ಟಿದ್ದರು. ಆದರೂ ನಾನು ವಿದ್ಯಾವಂತಳ ಮುಖ ಮಾಡಿಕೊಂಡು, "ಹಳೇದಕ್ಕ ಭದ್ರತೆ ಇಲ್ರಿ ಸರ್" ಅಂದೆ. "ನನಗೂ ಇಲ್ಲ. ನನ್ನನ್ನೂ ತೆಗೀತೀರೇನು?" ಎಂದು ಅವರು ಕಡತದೊಳಗೆ ತಲೆ ಹಾಕಿದರು.

ಈ ಕೆಲಸದಲ್ಲಿ ಹೆದರುವಂಥದ್ದು ಏನಿದೆ ಎಂದು ಹೇಳಿಬಿಡುತ್ತೇನೆ. ರೈತರ ವಿವರಗಳೆಲ್ಲ ಇರುವುದು ಡೇಟಾಬೇಸಿನಲ್ಲಿ. ಅದು ಬೀಗ ಹಾಕಿದ ಕಪಾಟಿದ್ದ ಹಾಗೆ. ಕಪಾಟು ಎಲ್ಲಿದೆ, ಕೀಲಿ ಯಾವುದು ಎಂಬುದು ಅಪ್ಲಿಕೇಶನ್ನಿಗೆ ಗೊತ್ತಿರುವುದಿಲ್ಲ. ಅದು ಒಂದು ಹೆಸರು ಹೇಳುತ್ತದೆ, ಸರ್ವರು ಆ ಹೆಸರಿನ ಚೀಟಿ ಹುಡುಕಿ ಅದರಂತೆ ಕಪಾಟು ತೆಗೆಯುತ್ತದೆ. ಹಳೆಯ ಆವೃತ್ತಿಯಲ್ಲಿ ಪ್ರತಿ ಅಪ್ಲಿಕೇಶನ್ನೂ ತನ್ನ ಚೀಟಿಯನ್ನು ತನ್ನ ಗಂಟಿನಲ್ಲೇ ಕಟ್ಟಿಕೊಂಡಿರುತ್ತಿತ್ತು. ಹೊಸದರಲ್ಲಿ ಎಲ್ಲರ ಚೀಟಿಗಳನ್ನೂ ತೆಗೆದು ಒಂದೇ ಕಡತದಲ್ಲಿ ಬರೆಯಬೇಕು. ನನ್ನ ಹತ್ತಿರ ಎರಡು ಚೀಟಿಗಳಿದ್ದವು. ಒಂದು ನಿಜವಾದ ಪಾಳಿಯದು, ಇನ್ನೊಂದು ನಾನು ಕಲಿಯಲು ಮಾಡಿಕೊಂಡ ಪ್ರಯೋಗದ ಪ್ರತಿಯದು. ಬೇರೆ ಬೇರೆ ಗಂಟಿನಲ್ಲಿದ್ದದ್ದರಿಂದ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದೆ. ಒಂದೇ ಹೆಸರಿನ ಇಬ್ಬರು ಮಕ್ಕಳು ಬೇರೆ ಬೇರೆ ಶಾಲೆಯಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಒಂದೇ ತರಗತಿಗೆ ಬಂದಾಗ ಹಾಜರಿ ಕೂಗುವವರಿಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಖಾಲಿ ಕಚೇರಿಗೆ ಹೋದೆ. ವಹಿಯಲ್ಲಿ ಮೂವತ್ತೊಂದು ಹಂತಗಳನ್ನು ಬರೆದುಕೊಂಡಿದ್ದೆ. ಚೀಟಿಗಳನ್ನು ನಕಲು ಮಾಡುವಾಗ ಸಂಕೇತಪದದ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿದೆ. ಮಧ್ಯಾಹ್ನ ಮೂರಕ್ಕೆ ಹೊಸ ಸರ್ವರು ಎದ್ದು ನಿಂತಿತು. ಒಂದೂ ದೂರಿಲ್ಲ, ಒಂದೂ ಕೆಂಪು ಸಾಲಿಲ್ಲ. ಅಪ್ಲಿಕೇಶನ್ನಿನ ಮೊದಲ ಪುಟ ನಗುನಗುತ್ತ ತೆರೆಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಡೆಯ ಹಂತ ಒಂದೇ ಉಳಿದಿತ್ತು, ಪಾಳಿ ಪಟ್ಟಿ ತೆಗೆದು ನೋಡುವುದು. ನೋಡಿದರೆ ಏನಾದರೂ ಕೆಟ್ಟಿರಬಹುದು. ನೋಡದಿದ್ದರೆ ಕೆಟ್ಟಿಲ್ಲ. ಹೀಗೆ ಯೋಚಿಸಿ, ಹೊಲಿಗೆ ಬಿಚ್ಚೀತೆಂದು ಹೊಸ ಬಟ್ಟೆ ಮುಟ್ಟದವಳ ಹಾಗೆ, ಮೂವತ್ತೊಂದನೆಯ ಹಂತದ ಮುಂದೆ ನೋಡದೆಯೇ ಸರಿಗುರುತು ಹಾಕಿ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಕಾಲುವೆಯ ನೀರು ನನ್ನ ಕಡೆಗೇ ನೋಡುತ್ತಿದೆ ಅನ್ನಿಸಿತು.

ನಮ್ಮ ಕಚೇರಿಯಲ್ಲಿ ಒಂದು ರೂಢಿಯಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಶಾಂತಪ್ಪ ಸರ್ ಪಟ್ಟಿಯನ್ನು ಕಾಗದಕ್ಕೆ ಇಳಿಸಿ, ಗೇಟು ಕಾಯುವ ಲಸ್ಕರ್ ಹುಸೇನಸಾಬನಿಗೆ ಫೋನಿನಲ್ಲಿ ಓದಿ ಹೇಳುತ್ತಾರೆ. ಅವನು ಕೇಳಿದ್ದನ್ನು ಕೇಳಿದ ಹಾಗೆ ಗೇಟಿನ ಗುಡಿಸಲ ಗೋಡೆಗೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಾನೆ. ಗೋಡೆಯ ಮೇಲೆ ಬಂದದ್ದು ಬಂದಂತೆಯೇ. ಅಳಿಸಿ ಬರೆದರೆ ಸಲಿಕೆ ಹಿಡಿದು ನಿಂತ ರೈತರು ಒಪ್ಪುವುದಿಲ್ಲ. ಎಂಟೂವರೆಗೆ ಗೇಟು ಏಳುತ್ತದೆ, ಸಂಜೆ ಆರಕ್ಕೆ ಇಳಿಯುತ್ತದೆ. ಮೇಲೆ ತಡವಾದ ಪ್ರತಿ ನಿಮಿಷವೂ ಕಡೆಯವರ ಹೊಲದಿಂದಲೇ ಕಳೆಯುತ್ತದೆ. ಅವತ್ತು ಕಡೆಯ ಹೊಲ ಹಣಮವ್ವನದು.

ನಾನು ಒಳಗೆ ಕಾಲಿಟ್ಟಾಗ ಎಂಟು ಹೊಡೆದು ಐದು ನಿಮಿಷವಾಗಿತ್ತು. ಶಾಂತಪ್ಪ ಸರ್ ಫೋನಿನ ಸ್ಪೀಕರ್ ಹಾಕಿ ಓದಲು ಶುರು ಮಾಡಿದ್ದರು.

"ಒಂದನೇ ಪಾಳಿ, ಚಹಾದ ಮಲ್ಲಮ್ಮ. ಎಂಟು ಎಕರೆ."

"ಯಾರ್ರೀ ಈಕಿ?" ಎಂದ ಹುಸೇನಸಾಬ. "ನಿಮ್ಮ ಆಫೀಸಿನ ಮುಂದ ಚಹಾ ಮಾರಾಕಿನಾ? ಆಕೀಗಿ ಎಲ್ಲಿ ಹೊಲಾರಿ?"

ಇಲ್ಲಿ ಒಂದು ತಪ್ಪೊಪ್ಪಿಗೆ. ಪ್ರಯೋಗದ ಪ್ರತಿಯಲ್ಲಿ ತುಂಬಲು ಹೆಸರುಗಳು ಬೇಕಿದ್ದಾಗ, ನಿಜವಾದ ರೈತರ ಹೆಸರನ್ನು ಆಟಕ್ಕೆ ಬಳಸುವುದು ಸಭ್ಯತೆಯಲ್ಲ ಎಂದು ನಾನು ನನಗೆ ಪರಿಚಯವಿದ್ದವರನ್ನು ತುಂಬಿದ್ದೆ. ನನಗೆ ಹಿತವಾದವರಿಗೆ ಮೊದಲ ಪಾಳಿ, ಉಳಿದವರಿಗೆ ಅವರವರ ಯೋಗ್ಯತೆಯಂತೆ ಕೆಳಗೆ. ಅಷ್ಟಕ್ಕೆ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಪಟ್ಟಿಯ ಕಡೆಯಲ್ಲಿ 'ಷರಾ' ಎಂಬ ಅಂಕಣವಿದೆ. ಅದು ಖಾಲಿ ಇದ್ದರೆ ಪ್ರಯೋಗ ಪೂರ್ಣವಾಗುವುದಿಲ್ಲ ಎಂದು ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಬಗ್ಗೆಯೂ ಒಂದೊಂದು ಸಾಲು ಬರೆದಿದ್ದೆ. ಯಾರ ಮುಂದೆಯೂ ಬಾಯಿ ಬಿಡದ ನಾನು ಮನಸ್ಸು ಬಿಚ್ಚಿದ್ದು ಅಲ್ಲೊಂದೇ ಕಡೆ.

"ಷರಾ, ಚಹಾ ಕೊಡುತ್ತಾರೆ, ಪ್ರಶ್ನೆ ಕೇಳುವುದಿಲ್ಲ," ಎಂದು ಶಾಂತಪ್ಪ ಸರ್ ಕಚೇರಿಯ ಗಂಭೀರ ಧ್ವನಿಯಲ್ಲೇ ಓದಿದರು. ಆಮೇಲೆ ಕಣ್ಣು ನೇರವಾಗಿ ತಮ್ಮ ಹೆಸರಿದ್ದ ಕಟ್ಟಕಡೆಯ ಸಾಲಿಗೆ ಜಾರಿತು. "ಕಡೀ ಪಾಳಿ, ಶಾಂತಪ್ಪ ಹೆಡ್ ಕ್ಲಾರ್ಕ್. ಮೂರು ಎಕರೆ. ನೀರು ಮುಟ್ಟಿಲ್ಲ. ಷರಾ, ಫ್ಯಾನನ್ನು ದಿನವೂ ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾರೆ. ಇವರಿಗೆ ನೀರಿನ ಅಗತ್ಯವಿಲ್ಲ."

ಫೋನಿನ ಆ ಕಡೆ ಹುಸೇನಸಾಬನ ಕೆಮ್ಮು, ಅವನ ಹಿಂದೆ ಹತ್ತಾರು ಜನರ ನಗು. ಅವನೂ ಸ್ಪೀಕರ್ ಹಾಕಿದ್ದ. ಭೂಮಿ ಬಾಯಿ ಬಿಡಲಿ ಅನ್ನುವುದು ಆಡುಮಾತು. ನಾನು ನಿಜವಾಗಿ ನೆಲ ನೋಡಿದೆ. ಸಿಮೆಂಟು ಗಟ್ಟಿಯಾಗಿತ್ತು.

"ಗ್ವಾಡಿ ಮ್ಯಾಲ ಏನರೆ ಬರದೀಯೇನು?" ಎಂದು ಕೇಳಿದರು ಶಾಂತಪ್ಪ ಸರ್.

"ಇನ್ನಾ ಇಲ್ರಿ ಸಾಹೇಬ್ರ. ಕಡ್ಡಿ ಕೈಯಾಗ ಐತ್ರಿ."

"ಹಂಗ ಹಿಡ್ಕೊಂಡಿರು." ಅವರು ನನ್ನ ಕಡೆ ತಿರುಗಿದರು. ಮುಖದಲ್ಲಿ ಏನೂ ಇರಲಿಲ್ಲ, ಅದೇ ಭಯಂಕರ. "ಎಷ್ಟು ಹೊತ್ತು ಬೇಕ್ರಿ?"

"ಹತ್ತು ನಿಮಿಷ ಸರ್," ಅಂದೆ.

ಚೀಟಿಗಳ ಕಡತ ತೆರೆದೆ. ಒಂದೇ ಹೆಸರಿನ ಎರಡು ಚೀಟಿಗಳು ಅಕ್ಕತಂಗಿಯರ ಹಾಗೆ ಒಂದರ ಕೆಳಗೊಂದು ಕೂತಿದ್ದವು. ಕೆಳಗೆ ಬರೆದದ್ದೇ ಗೆದ್ದಿತ್ತು. ಪ್ರಯೋಗದ ಚೀಟಿಯನ್ನು ಅಳಿಸಿ ಸರ್ವರನ್ನು ಮತ್ತೆ ಚಾಲೂ ಮಾಡಿದೆ. ಅದು ಏಳುವ ತನಕ ನನಗೆ ಕಂಡದ್ದು ಪರದೆಯಲ್ಲ, ನಾನು ಎಂದೂ ನೋಡಿರದ ಹಣಮವ್ವನ ಮೆಣಸಿನಗಿಡ. ಪಟ್ಟಿ ಬಂತು. ಈ ಸಲ ಮೇಲಿಂದ ಕೆಳಗಿನವರೆಗೆ ಎರಡು ಬಾರಿ ಓದಿದೆ. ಕಡೆಯ ಸಾಲಿನಲ್ಲಿ ದೇವಾಪುರದ ಹಣಮವ್ವ ಇದ್ದಳು. ಷರಾ ಖಾಲಿ ಇತ್ತು, ದೇವರ ದಯೆ. ಶಾಂತಪ್ಪ ಸರ್ ಓದಿದರು, ಹುಸೇನಸಾಬ ಬರೆದ. ಗೇಟು ಎದ್ದಾಗ ಎಂಟು ಐವತ್ತು. ಇಪ್ಪತ್ತು ನಿಮಿಷ ಹೋಗಿತ್ತು. ಆ ಇಪ್ಪತ್ತು ನಿಮಿಷ ಯಾರದೆಂದು ನನಗೆ ಗೊತ್ತಿತ್ತು.

ಇಡೀ ದಿನ ಶಾಂತಪ್ಪ ಸರ್ ಕಡತದಿಂದ ತಲೆ ಎತ್ತಲಿಲ್ಲ. ನಾನು ಡಬ್ಬಿ ತೆರೆದು ಹಾಗೆಯೇ ಮುಚ್ಚಿದೆ. ಮನಸ್ಸಿನಲ್ಲಿ ರಾಜೀನಾಮೆ ಪತ್ರವನ್ನು ಎರಡು ಸಲ ತಿದ್ದಿ ಬರೆದೆ. ಆರೂ ಕಾಲಿಗೆ ಹುಸೇನಸಾಬನ ಫೋನು ಬಂತು. "ಸಾಹೇಬ್ರ, ಗೇಟು ಆರಕ್ಕ ಇಳೀಲಿಲ್ರಿ. ಗಟ್ಟಿ ಹಿಡ್ಕೊಂಡು ಬಿಟ್ಟೈತಿ. ಎಷ್ಟು ತಿರುವಿದ್ರೂ ಇಪ್ಪತ್ತು ಮಿನಿಟು ಆಗ್ತೈತ್ರಿ. ದೇವಾಪುರದ ಮುದುಕಿ ಹೊಲ ತುಂಬಾಕತ್ತೈತಿ." ಶಾಂತಪ್ಪ ಸರ್, "ಎಣ್ಣಿ ಬಿಡಪಾ ಗೇಟಿಗಿ, ನಾಳೆ," ಎಂದಷ್ಟೇ ಹೇಳಿ ಫೋನಿಟ್ಟರು.

ಆಮೇಲೆ ತಮ್ಮ ಕುರ್ಚಿಯನ್ನು ನನ್ನ ಮೇಜಿನ ಹತ್ತಿರ ಎಳೆದುಕೊಂಡರು. "ತಂಗಿ, ಆ ಪಟ್ಟಿ ತೆಗಿ."

ತಡವರಿಸುತ್ತ ಪ್ರಯೋಗದ ಪ್ರತಿಗೆ ಬೇರೆ ಹೆಸರಿನ ಚೀಟಿ ಬರೆದು ತೆರೆದೆ. ಅವರು ಸಾಲುಸಾಲಾಗಿ ಓದಿದರು. ಸುಭದ್ರಕ್ಕನ ಷರಾ ಹತ್ತಿರ ಅವರ ಮೀಸೆ ಸ್ವಲ್ಪ ಅಲುಗಾಡಿತು. "ಎಲ್ಲಾ ಖರೇನ ಬರದೀ. ಆದ್ರ ನೀರ ಮುಟ್ಟಂಗಿಲ್ಲ ಅಂದಮ್ಯಾಲ ನನಗ ಮೂರ ಎಕರೆ ಯಾಕ? ಮೂವತ್ತು ಬರೀಬೇಕಿತ್ತಿಲ್ಲೋ?" ಮತ್ತೆ ಮೇಲಿಂದ ಕೆಳಗೆ ಹುಡುಕಿದರು. "ಇದರಾಗ ನಿನ್ನ ಹೆಸರ ಎಲ್ಲದ?"

"ಇಲ್ರಿ ಸರ್."

"ಊರ ಮಂದೀನೆಲ್ಲ ಪಾಳಿಗಿ ನಿಂದರ್ಸಿ ನೀ ದಂಡಿ ಮ್ಯಾಲ ನಿಂತು ನೋಡಾಕತ್ತೀ ಏನು? ಬರಿ, ನನ್ನ ಕೆಳಗ. ಎರಡು ಗುಂಟೆ ಸಾಕು."

ನನ್ನ ಹೆಸರು ಬರೆದೆ. ಬೆರಳು ಷರಾ ಅಂಕಣಕ್ಕೆ ಬಂದು ನಿಂತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಕಡತಕ್ಕೆ ಟಿಪ್ಪಣಿ ಹೇಳಿಸುವ ಧ್ವನಿಯಲ್ಲಿ ಹೇಳಿಸಿದರು: "ಮಾತಾಡುವುದಿಲ್ಲ. ಬರೆಯುತ್ತಾಳೆ. ಎಲ್ಲರೂ ಹುಷಾರಾಗಿರುವುದು."

ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಉಳಿಸುವ ಮೊದಲು, ಇದು ಯಾವ ಕಪಾಟು ಎಂದು ಮೂರು ಸಲ ನೋಡಿಕೊಂಡೆ.