ಪಾಸ್‌ಪೋರ್ಟಪ್ಪನ ಫ್ಯಾಶನ್ ಶೋ

"ಇನ್ಮೇಲೆ ಈ ಬೀದೀಲಿ ಯಾರಾದ್ರೂ ನನ್ನನ್ನ ಪಾಸ್‌ಪೋರ್ಟಪ್ಪ ಅನ್ನಲಿ, ನೋಡ್ಕೋತೀನಿ!" ಎಂದು ಪಾಸ್‌ಪೋರ್ಟಪ್ಪ ಘೋಷಿಸಿದ. ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಆ ಸದ್ದಿನಲ್ಲಿ ಅರ್ಧ ಘೋಷಣೆ ಅವಳ ಕಿವಿಗೆ ಬೀಳಲೇ ಇಲ್ಲ.

ಬೀದಿಯವರು ಇಟ್ಟ ಹೆಸರಿನಲ್ಲಿ ಸುಳ್ಳೇನಿರಲಿಲ್ಲ ಬಿಡಿ. ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೊ. ಒಂದು ಸ್ಟೂಲು, ಅದರ ಹಿಂದೊಂದು ಬಿಳಿ ಪರದೆ. ಕೂರಿಸು, ಗದ್ದ ನೆಟ್ಟಗೆ ಮಾಡು, ಕಿವಿ ಕಾಣಿಸು, ಕ್ಲಿಕ್ಕಿಸು, ಕಳಿಸು! ಮದುವೆಯಾದಾಗಿನಿಂದ ಈ ಮಹಾನುಭಾವ ಮಾಡಿಕೊಂಡು ಬಂದ ಕಲಾಸೇವೆ ಈ ಪಾಸ್‌ಪೋರ್ಟ್ ಫೋಟೊ ಒಂದೇ. ಅಂಥವನು ಈಗ ಫ್ಯಾಶನ್ ಶೋನ ಫೋಟೊ ತೆಗೆಯಲು ಟೊಂಕ ಕಟ್ಟಿದ್ದ!

ಕಾರಣ ಹೆಂಡತಿಯೇ. ಊರವರ ಹರಿದದ್ದನ್ನೆಲ್ಲ ಹೊಲಿದು ಹೊಲಿದು ಬೇಸತ್ತಿದ್ದ ಅವಳು ಮೊದಲ ಸಲ ತನ್ನದೇ ಕಲ್ಪನೆಯ ಉಡುಪುಗಳನ್ನು ಹೊಲಿದಿದ್ದಳು. ದರ್ಜಿಗಳ ಸಂಘ ನಡೆಸುವ ಶೋನಲ್ಲಿ ಹುಡುಗಿಯರು ಅವನ್ನು ತೊಟ್ಟು ನಡೆಯಲಿದ್ದರು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಯಜಮಾನಿ ಮೊದಲೇ ಹೇಳಿದ್ದಳು: "ನನಗೆ ಬರೋಕಾಗಲ್ಲ, ಫೋಟೊ ಕಳಿಸಿ. ಬಟ್ಟೆ ಹಿಡಿಸಿದ್ರೆ ನಿಮ್ಮ ಹೆಸರಲ್ಲೇ ನಮ್ಮ ಅಂಗಡೀಲಿ ಇಡ್ತೀನಿ." ಅಂದರೆ ಅವಳ ಇಷ್ಟು ವರ್ಷದ ಆಸೆಯೆಲ್ಲ ಈಗ ಗಂಡನ ತೋರುಬೆರಳಿನ ಮೇಲೆ ನಿಂತಿತ್ತು. ಪಾಪ!

"ಬೇರೆ ಯಾರನ್ನಾದ್ರೂ ಕರೆಸೋಣ್ವಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಯಾರನ್ನ? ಆ ಉದ್ದ ಲೆನ್ಸಿನ ಶೂರರನ್ನಾ? ಕಾಳು ಹುರಿದ ಹಾಗೆ ಪಟಪಟ ಒತ್ತಿ, ಅದರಲ್ಲೊಂದು ಚೆನ್ನಾಗಿ ಬಂದ್ರೆ ಕಲೆ ಅಂತಾರೆ! ನಾನು ಒಂದೇ ಏಟಿಗೆ ತೆಗೆಯೋನು ಕಣೇ!"

"ಬಟ್ಟೆ ಪೂರ್ತಿ ಬರುತ್ತೆ ತಾನೇ?"

"ನನಗೇ ಹೇಳಿಕೊಡ್ತೀಯಾ?"

ಅಲ್ಲಿಂದ ಶುರುವಾಯಿತು ಘೋರ ತಪಸ್ಸು. ವಿಡಿಯೊ ನೋಡಿ ನೋಡಿ ಅವನು ತಂತ್ರಗಳನ್ನು ಬಾಯಿಪಾಠ ಮಾಡಿದ. ಫ್ಲಾಶ್ ಕೂಡದು. ನಡೆಯುವವಳು ಎಲ್ಲಿಗೆ ಬರುತ್ತಾಳೋ ಅಲ್ಲಿಗೆ ಮುಂಚೆಯೇ ಫೋಕಸ್ ಇಟ್ಟು ಕಾಯಬೇಕು. ಮುಂದಿನ ಕಾಲು ನೆಲಕ್ಕೆ ತಾಗಿತೋ, ಒತ್ತಬೇಕು! ಅಡುಗೆಮನೆಯಿಂದ ಬಚ್ಚಲವರೆಗಿನ ಜಾಗವೇ ರ‍್ಯಾಂಪ್ ಆಯಿತು. ನೆಲಕ್ಕೆ ಟೇಪಿನ ಗುರುತು ಬಿತ್ತು. ಮಾಡೆಲ್ ಆಗಿ ಸಿಕ್ಕಿಬಿದ್ದವರು ಮಗಳ ಮನೆಯಲ್ಲೇ ಇದ್ದ ಅತ್ತೆ.

"ಅತ್ತೇ, ಸೊಂಟ ಸ್ವಲ್ಪ ಬಳುಕಿಸಿ!"

"ಬಳುಕಿದ್ದನ್ನ ಮತ್ತೆ ನೆಟ್ಟಗೆ ಮಾಡೋಕೆ ಡಾಕ್ಟರೇ ಬರಬೇಕಾಗುತ್ತೆ, ಅಳಿಯಂದ್ರೇ!"

"ಸರಿ, ನಗಬೇಡಿ. ಮುಖ ಗಂಭೀರವಾಗಿರಲಿ."

"ನಿಮ್ಮ ಕೈಗೆ ಸಿಕ್ಕಿದ ಮೇಲೆ ನಗು ಎಲ್ಲಿಂದ ಬರಬೇಕು?"

ಅಳಿಯಂದಿರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಗುರಿಯಿಡುತ್ತಿದ್ದಾಗಲೇ ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆಗಳ ರಾಶಿ ಹೊತ್ತು ಬಂದಳು. ಕಾಲಡಿ ಗಂಡ ಬಿದ್ದಿರುತ್ತಾನೆಂದು ಯಾವ ಹೆಂಡತಿ ಊಹಿಸಿಯಾಳು? ಎಡವಿದಳು. ರಾಶಿಯೆಲ್ಲ ಅವನ ಬೆನ್ನ ಮೇಲೆ! ಅಷ್ಟನ್ನೂ ಅವಳು ಹಲ್ಲು ಕಚ್ಚಿಕೊಂಡು ಮತ್ತೆ ಇಸ್ತ್ರಿ ಮಾಡಿದಳು.

ಶೋ ದಿನ ಬಂತು. ರ‍್ಯಾಂಪಿನ ತುದಿಯಲ್ಲಿ ಫೋಟೊದವರ ಗುಂಪು. ಪಾಸ್‌ಪೋರ್ಟಪ್ಪ ಮೊಣಕೈಯಲ್ಲಿ ತಿವಿಯುತ್ತ ಎಲ್ಲರ ಮುಂದೆ ಹೋಗಿ ಮಂಡಿಯೂರಿದ. ಅಕ್ಕಪಕ್ಕದವರನ್ನು ನೋಡಿ ಮೂಗು ಮುರಿಯಲೂ ಮರೆಯಲಿಲ್ಲ. ಅತ್ತೆ ಹಿಂದಿನ ಕುರ್ಚಿಯಲ್ಲಿದ್ದರು. ಹೆಂಡತಿ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಪರದೆಯ ಸಂದಿಯಿಂದ ಇಣುಕುತ್ತಿದ್ದಳು.

ಸಂಗೀತ ಶುರುವಾಯಿತು. ಮೊದಲ ಹುಡುಗಿ ಹೆಂಡತಿ ಹೊಲಿದ ನೀಲಿ ಗೌನು ತೊಟ್ಟು ಬಂದಳು. ಇಷ್ಟೇ! ಬಾಯಿಪಾಠವೆಲ್ಲ ಹಾರಿಹೋಯಿತು, ಸ್ಟುಡಿಯೊದ ಅಭ್ಯಾಸ ಮೈಮೇಲೆ ಬಂತು.

"ಅಲ್ಲೇ ನಿಲ್ಲಿ! ಅಲ್ಲಾಡಬೇಡಿ!" ಎಂದು ಅರಚಿದ.

ಹುಡುಗಿ ಹೆದರಿ ಗಕ್ಕನೆ ನಿಂತಳು.

"ಗದ್ದ ಸ್ವಲ್ಪ ಕೆಳಗೆ. ಕೂದಲು ಹಿಂದೆ ಸರಿಸಿ, ಎರಡೂ ಕಿವಿ ಕಾಣಬೇಕು!"

ಅವಳು ಕೂದಲು ಸರಿಸಿದಳು. ಅಷ್ಟರಲ್ಲಿ ಹಿಂದಿನವಳು ಬಂದು ಡಿಕ್ಕಿ ಹೊಡೆದಳು. ಅವಳಿಗೆ ಅವಳ ಹಿಂದಿನವಳು! ಯಾರದೋ ಹಿಮ್ಮಡಿಗೆ ಯಾರದೋ ಅಂಚು ಸಿಕ್ಕಿ ಪರ್ರ್ ಎಂದಿತು. ಸಭೆ ಗೊಳ್ಳೆಂದಿತು. ಸಂಘದ ಕಾರ್ಯದರ್ಶಿ ಓಡಿ ಬಂದು, "ಏನ್ರೀ, ಇದೇನು ರೇಷನ್ ಕಾರ್ಡಿಗೆ ಫೋಟೊ ತೆಗೀತಿದ್ದೀರಾ?" ಎಂದು ಗದರಿದ. ಪಾಸ್‌ಪೋರ್ಟಪ್ಪನಿಗೆ ಅದೂ ಹೊಗಳಿಕೆಯಂತೆ ಕೇಳಿಸಿತು. ಕೊನೆಯ ಹುಡುಗಿಯವರೆಗೂ ಬಿಡದೆ ಕ್ಲಿಕ್ಕಿಸಿದ.

ಮನೆಗೆ ಬಂದು ಕಂಪ್ಯೂಟರ್ ತೆರೆದ. "ನೋಡು, ಒಂದೇ ಒಂದು ಮುಖ ಅಲ್ಲಾಡಿಲ್ಲ!"

ನಿಜ, ಅಲ್ಲಾಡಿರಲಿಲ್ಲ. ಪರದೆಯ ತುಂಬ ಮುಖಗಳೇ! ಗದ್ದ ನೆಟ್ಟಗೆ, ಎರಡೂ ಕಿವಿ ಸ್ಪಷ್ಟ, ಭುಜದಿಂದ ಕೆಳಗೆ ಏನೇನೂ ಇಲ್ಲ. ನೀಲಿ ಗೌನಿನ ಲೆಕ್ಕದಲ್ಲಿ ಉಳಿದದ್ದು ಕುತ್ತಿಗೆಯ ಹತ್ತಿರ ಒಂದು ಚೂರು ಪಟ್ಟಿ.

"ಏನ್ರೀ," ಎಂದಳು ಹೆಂಡತಿ, "ಈ ಹುಡುಗೀರು ಬಟ್ಟೆ ಹಾಕ್ಕೊಂಡಿದ್ರು ಅನ್ನೋದನ್ನಾದ್ರೂ ನಾನು ಹೇಗೆ ನಂಬಿಸಲಿ?"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಪಾಸ್‌ಪೋರ್ಟಪ್ಪನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಜೀವನದಲ್ಲಿ ಮೊದಲ ಬಾರಿ ಅವನಿಗೆ ಹಳಿಯಲು ಬೇರೆ ಯಾರೂ ಸಿಗಲಿಲ್ಲ.

ಆಗ ಅತ್ತೆ ತಮ್ಮ ಫೋನು ಚಾಚಿದರು. "ಮಗಳು ಹೊಲಿದದ್ದಲ್ವಾ ಅಂತ ನಾನೂ ಒಂದೆರಡು ತೆಗೆದೆ, ನೀವು ಅರಚೋಕೆ ಮುಂಚೇನೇ. ಕುರ್ಚಿ ಹತ್ತಿ ನಿಂತೆ. ನನಗೆ ತಂತ್ರ ಗಿಂತ್ರ ಗೊತ್ತಿಲ್ಲಪ್ಪ."

ತಲೆಯಿಂದ ಚಪ್ಪಲಿವರೆಗೆ ಇಡೀ ಹುಡುಗಿ! ಮುಂದಿನ ಕಾಲು ಆಗ ತಾನೇ ನೆಲಕ್ಕೆ ತಾಗಿದೆ, ನೀಲಿ ಗೌನು ಅಲೆಯಾಗಿ ಹರಡಿದೆ. ಹೆಂಡತಿ ಕಣ್ಣೊರೆಸಿಕೊಂಡು ಅದನ್ನೇ ಕಳಿಸಿದಳು. ಮರುದಿನ ಬೆಳಿಗ್ಗೆ ಅಂಗಡಿಯ ಯಜಮಾನಿಯ ಕರೆ ಬಂತು. ಹೆಂಡತಿ ಎಲ್ಲರಿಗೂ ಕೇಳುವಂತೆ ಫೋನು ಮೇಜಿನ ಮೇಲಿಟ್ಟಳು.

"ತುಂಬಾ ಚೆನ್ನಾಗಿದೆಯಮ್ಮ, ಖಂಡಿತ ಇಡ್ತೀನಿ! ಈ ಫೋಟೊನೇ ದೊಡ್ಡದು ಮಾಡಿಸಿ ಅಂಗಡಿ ಮುಂದೆ ಹಾಕ್ತೀನಿ. ಒಂದೇ ಒಂದು ತೊಂದರೆ. ಕೆಳಗಡೆ ಮೂಲೇಲಿ ಯಾರದೋ ಬೋಳುತಲೆ ಫಳಫಳ ಅಂತ ಅಡ್ಡ ಬಂದಿದೆ. ಅದನ್ನ ಯಾರ ಕೈಲಾದ್ರೂ ತೆಗೆಸಿ ಕಳಿಸಿಬಿಡಿ."

ಪಾಸ್‌ಪೋರ್ಟಪ್ಪನ ಕೈ ತಾನಾಗಿ ನೆತ್ತಿಯ ಮೇಲೆ ಹೋಯಿತು. ಅತ್ತೆ ಕಿಟಕಿಯ ಕಡೆ ತಿರುಗಿ ಭುಜ ಕುಣಿಸುತ್ತ ನಗುತ್ತಿದ್ದರು. ಹೆಂಡತಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದಿಟ್ಟಳು.

"ಬನ್ನಿ, ಕೂತ್ಕೊಳ್ಳಿ. ಈ ಸಲವಾದ್ರೂ ತಲೆ ಕತ್ತರಿಸಿ, ಬಟ್ಟೆ ಉಳಿಸಿ!"