ಗೊಗ್ಗರ ಪೆಟ್ಟಿಗೆಯ ಕಾವಲುಗಾರ

"ಸಿಡ್ಲು ಬಡದ್ರೂ ಈ ಪೆಟ್ಟಿಗಿ ಸಾಯೂದಿಲ್ಲ" ಎಂದ ಬಾಳಗೊಂಡ.

"ಪೆಟ್ಟಿಗಿ ಇರ್ಲಿರಿ. ನನ್ನ ರೇಡಿಯೊದ ಜೀವಾ ಯಾವಾಗ ತಿರಗಿ ಕೊಡ್ತೀರಿ?" ಎಂದಳು ಹೆಂಡತಿ ನಾಗೂಬಾಯಿ.

ಇಚಲಕರಂಜಿಯಲ್ಲಿ ಬಟ್ಟೆ ನೇಯುವ ಲೂಮುಗಳ ಮೋಟರು ರಿಪೇರಿ ಮಾಡುವ ಬಾಳಗೊಂಡ, ಹೆಂಡತಿಯ ರೇಡಿಯೊದ ಹೊಟ್ಟೆ ಸೀಳಿ, ದನಿ ಹಿಗ್ಗಿಸುವ ಎರಡು ಟ್ರಾನ್ಸಿಸ್ಟರ್ ಕಿತ್ತು ಗೊಗ್ಗರ ಪೆಟ್ಟಿಗೆ ಕಟ್ಟಿದ್ದ. ಕಾಲಲ್ಲಿ ಒತ್ತಿದರೆ ಗಿಟಾರಿನ ದನಿ ಲೌಡ್‌ಸ್ಪೀಕರಿನಲ್ಲಿ ನೆಗಡಿಯಾದ ಹುಲಿಯಂತೆ ಬರುತ್ತಿತ್ತು. ಮೊದಲ ಸಲ ಒತ್ತಿದಾಗ ಓಣಿಯ ಎಮ್ಮೆಗಳು ಕೊಲ್ಹಾಪುರ ಮುಟ್ಟುವ ತನಕ ಹಿಂದೆ ನೋಡಲಿಲ್ಲವಂತೆ. ಅಂದು ಸಂಜೆ ಓಣಿಯ ಗಣಪತಿ ಮೇಳದಲ್ಲಿ ನಾಗೂಬಾಯಿಯ ತಮ್ಮ ಗುರುಸಿದ್ದ ಈ ಪೆಟ್ಟಿಗೆಗೆ ಜೋಡಿಸಿ ಗಿಟಾರ್ ನುಡಿಸುವವನಿದ್ದ. ಮೇಳ ಮುಗಿದೊಡನೆ ಟ್ರಾನ್ಸಿಸ್ಟರುಗಳು ರೇಡಿಯೊಗೆ ವಾಪಸು ಎಂದು ಕರಾರಾಗಿತ್ತು.

"ಅಷ್ಟ್ರಾಗ ಅವು ಸುಟ್ರ?"

"ಹೆಂಗ ಸುಡ್ತಾವ? ಕರೆಂಟ್ ಬರೋ ಬಾಗಲದಾಗ ಡಯೋಡ್ ಅನ್ನೋ ಕಾವಲುಗಾರನ್ನ ನಿಲ್ಲಿಸೇನಿ. ಸರಳ ಬಂದ್ರ ಬಿಡ್ತಾನ. ಉಲ್ಟಾ ಬಂದ್ರ ಅವರಪ್ಪನ್ನೂ ಬಿಡೂದಿಲ್ಲ."

ತೋರಿಸಿಯೇ ಬಿಡುತ್ತೇನೆಂದು ಲಾರಿಯ ಬ್ಯಾಟರಿಗೆ ಎರಡು ವಾಯರ್ ಸಿಗಿಸಿ, ಗಿಟಾರ್ ಮೀಟಿ, ಪೆಟ್ಟಿಗೆ ಒತ್ತಿದ. ಪೆಟ್ಟಿಗೆ ಮೌನವ್ರತ ಹಿಡಿದಿತ್ತು. ತಟ್ಟಿದ, ಊದಿದ, ಗಣಪತಿಗೆ ತೆಂಗಿನಕಾಯಿ ಹರಕೆ ಹೊತ್ತ. ಉಸಿರಿಲ್ಲ.

"ವಾಯರ್ ಉಲ್ಟಾ ಹಚ್ಚೀರೇನ ನೋಡ್ರಿ. ಎರಡೂ ವಾಯರ್ ಕರೇವ ಅದಾವ."

"ಹಚ್ಚಿದ್ರೇನಾತು? ಲೂಮಿನ ಮೋಟರಿಗೆ ಉಲ್ಟಾ ಹಚ್ಚಿದ್ರ ಹಿಂದಕ್ಕ ತಿರಗತೈತಿ. ವಾಯರ್ ಅದಲಾಬದಲಿ ಮಾಡಿದ್ರ ಮುಂದಕ್ಕ. ಇವತ್ತಿನ ತನಕ ಒಂದರೆ ಮೋಟರ್ ಸತ್ತೈತೇನ? ಎಲ್ಲಾ ಈ ಕಾಮಚೋರ ಕಾವಲುಗಾರಂದು. ಏನೂ ಒಳಗ ಬಿಡವಲ್ಲ."

"ಬಿಡಬಾರದಂತನ ಅಲ್ಲೇನ್ರಿ ನಿಲ್ಲಿಸಿದ್ದು?"

ಉತ್ತರವಾಗಿ ಅವನು ಇಕ್ಕಳ ತಂದ. ಡಯೋಡನ್ನು ಕಿತ್ತೆಸೆದು, ಅದರ ಜಾಗದಲ್ಲಿ ವಾಯರಿನ ತುದಿಗಳನ್ನು ಒಂದಕ್ಕೊಂದು ಹೊಸೆದು, ಮತ್ತೆ ಒತ್ತಿದ.

ಪೆಟ್ಟಿಗೆ ಈ ಸಲ ಮಾತಾಡಿತು. "ಚುಂಯ್" ಎಂದಿತು, ಒಂದೆಳೆ ಹೊಗೆ ಬಿಟ್ಟಿತು. ಬಾಳಗೊಂಡ ಗಾಬರಿಯಲ್ಲಿ ವಾಯರ್ ಅದಲುಬದಲು ಮಾಡಿದ. ಸತ್ತ ಟ್ರಾನ್ಸಿಸ್ಟರುಗಳು ಮುಂದಕ್ಕೂ ತಿರುಗಲಿಲ್ಲ, ಹಿಂದಕ್ಕೂ ತಿರುಗಲಿಲ್ಲ.

"ಸಿಡ್ಲಿಗೆ ಬಂದೋಬಸ್ತ್ ಮಾಡಿದ್ರಿ" ಎಂದಳು ನಾಗೂಬಾಯಿ. "ನಿಮಗ ಮಾಡೋದು ಮರತ್ರಿ."

"ಸಂಜಿಮುಂದ ಗುರುಸಿದ್ದಗ ಏನ್ ಹೇಳ್ಲಿ?"

"ಅವನು ಗಿಟಾರ್ ಬಾರಸಲಿ. ನೀವು ಮಗ್ಗಲಕ ಕುಂತು ಕೆಮ್ಮರಿ."

ಅವನು ತಲೆ ಕೆರೆಯುತ್ತ, ಹೊಸ ಟ್ರಾನ್ಸಿಸ್ಟರ್ ತಂದು ಹಾಕಿಕೊಡುವೆನೆಂದು ಹೇಳಿ, ಡಯೋಡ್ ಇನ್ನೂ ಗಟ್ಟಿಯಿದೆ, ಈಚೆ ಕೊಡೆಂದು ಕೇಳಿದ.

ಮೂಲೆಯಲ್ಲಿ ಬಿದ್ದಿದ್ದ ಡಯೋಡನ್ನು ಅವಳು ಆರಿಸಿ, ಸೆರಗಿನಿಂದ ಒರೆಸಿ, ರೇಡಿಯೊದ ಬರಿದಾದ ಹೊಟ್ಟೆಯೊಳಗೆ ಕೂರಿಸಿದಳು.

"ಕರೆಂಟ್ ಎತ್ತಾಗಿಂದರೆ ಬರಲಿಪಾ" ಎಂದಳು ಅದಕ್ಕೆ. "ಇವರನ್ನ ಮಾತ್ರ ಒಳಗ ಬಿಡಬ್ಯಾಡ."